ಲೀಸ್‌ಹೋಲ್ಡ್ ಫ್ಲ್ಯಾಟ್ ಕೊಳ್ಳುತ್ತಿದ್ದೀರಾ, ಮನೆಯಲ್ಲಿ ನಾಯಿ-ಬೆಕ್ಕು ಇದೆಯೇ? ಎಕ್ಸ್‌ಚೇಂಜ್‌ಗೆ ಮುಂಚೆ ಇಷ್ಟು ಮಾಡಿ

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಫ್ಲ್ಯಾಟ್ ಕೊಂಡವರಿಗೆ ಸಾಮಾನ್ಯವಾಗಿ ಸಿಗುವುದು 99, 125 ಅಥವಾ 999 ವರ್ಷಗಳ ಲೀಸ್. ಕಟ್ಟಡವೂ ಅದರಡಿಯ ನೆಲವೂ ಫ್ರೀಹೋಲ್ಡರ್‌ದೇ. ಹಾಗಾಗಿ ಪೂರ್ತಿ ದುಡ್ಡು ಕೊಟ್ಟು ಕೊಂಡ ಮನೆಯಲ್ಲೂ ನಾಯಿ ಸಾಕಬಹುದೋ ಇಲ್ಲವೋ ಎಂಬುದನ್ನು ಯಾವಾಗಲೋ ಯಾರೋ ಬರೆದಿಟ್ಟ ಲೀಸ್‌ನ ಒಂದು ಸಾಲು ತೀರ್ಮಾನಿಸುತ್ತದೆ. ಆ ಸಾಲು ಏನು ಹೇಳುತ್ತದೆ ಎಂದು ಓದಿ, ಬೇಕಾದ ಅನುಮತಿಯನ್ನು ಬರಹದಲ್ಲಿ ಪಡೆದುಕೊಳ್ಳಬೇಕು. ಎರಡೂ ಕೆಲಸ ಕಾಂಟ್ರ್ಯಾಕ್ಟ್ ಎಕ್ಸ್‌ಚೇಂಜ್ (ಸಹಿ ಹಾಕಿದ ಒಪ್ಪಂದಗಳನ್ನು ಎರಡೂ ಕಡೆಯವರು ವಿನಿಮಯ ಮಾಡಿಕೊಂಡು ವ್ಯವಹಾರಕ್ಕೆ ಬದ್ಧರಾಗುವ ಹಂತ) ಆಗುವುದಕ್ಕೆ ಮುಂಚೆಯೇ ಮುಗಿಯಬೇಕು. ಅಲ್ಲಿಯವರೆಗೆ ನೀವು ಯಾವ ಕ್ಷಣದಲ್ಲಾದರೂ ಹಿಂದೆ ಸರಿಯಬಹುದು. ಅದರ ಮರುದಿನ ಚೌಕಾಸಿ ಮಾಡಲು ನಿಮ್ಮ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಲೀಸ್ ಪ್ರತಿ ಮೊದಲು

ಜಾಹೀರಾತಿನಲ್ಲಿ 'ಪೆಟ್ ಫ್ರೆಂಡ್ಲಿ' ಎಂದಿರುತ್ತದೆ. ಎಸ್ಟೇಟ್ ಏಜೆಂಟ್ 'ಮೂರನೇ ಮಹಡಿಯವರ ಹತ್ತಿರ ಲ್ಯಾಬ್ರಡಾರ್ ಇದೆಯಲ್ಲ' ಎನ್ನುತ್ತಾರೆ. ಆ ಲ್ಯಾಬ್ರಡಾರ್ ಅನುಮತಿ ಪಡೆದೇ ಬಂದಿರಬಹುದು, ಕದ್ದುಮುಚ್ಚಿ ಬಂದಿರಲೂಬಹುದು. ಎರಡರಿಂದಲೂ ನಿಮಗೆ ಹಕ್ಕು ಹುಟ್ಟುವುದಿಲ್ಲ. ಏಜೆಂಟ್ ಕೆಲಸ ಮಾಡುವುದು ಮಾರುವವರ ಪರವಾಗಿ, ಲೀಸ್ ಓದುವ ಹೊಣೆ ಅವರದಲ್ಲ.

ಆಫರ್ ಕೊಡುವ ಮೊದಲೇ ಲೀಸ್ ಪ್ರತಿ ಕೇಳಿ. 'ಸಾಲಿಸಿಟರ್ (ಕಾಗದಪತ್ರ ನೋಡುವ ವಕೀಲರು) ನೇಮಕವಾದ ಮೇಲೆ ಕಳಿಸುತ್ತೇವೆ' ಎಂಬ ಉತ್ತರ ಬಂದರೆ ಸುಮ್ಮನಾಗಬೇಡಿ. ಕಟ್ಟಡದ ಸರ್ವೆ, ದಾಖಲೆಗಳ ಸರ್ಚ್ ಎಂದು ಖರ್ಚು ಶುರುವಾದ ಮೇಲೆ 'ಪ್ರಾಣಿ ನಿಷೇಧ' ಎಂಬ ಸಾಲು ಕಂಡರೆ ನಷ್ಟ ನಿಮ್ಮದೇ. ಎಚ್‌ಎಂ ಲ್ಯಾಂಡ್ ರಿಜಿಸ್ಟ್ರಿಯಿಂದ ಆನ್‌ಲೈನ್‌ನಲ್ಲಿ 7 ಪೌಂಡ್‌ಗೆ ಟೈಟಲ್ ರಿಜಿಸ್ಟರ್ ಸಿಗುತ್ತದೆ. ಆದರೆ ಅದರಲ್ಲಿ ಒಡೆತನ, ಅಡಮಾನ, ಲೀಸ್‌ನ ದಿನಾಂಕ ಇಂಥವು ಇರುತ್ತವೆಯೇ ಹೊರತು ಲೀಸ್‌ನ ಒಳಗಿನ ಷರತ್ತುಗಳು ಇರುವುದಿಲ್ಲ. ರಿಜಿಸ್ಟ್ರಿಯಲ್ಲಿ ಲೀಸ್‌ನದೇ ಪ್ರತಿ ಇದ್ದರೆ ಅದನ್ನು ಓಸಿ2 ಅರ್ಜಿ ಹಾಕಿ ಪ್ರತ್ಯೇಕವಾಗಿ ತರಿಸಬೇಕು.

ಪ್ರತಿ ಕೈಗೆ ಬಂದಾಗ ಅದು ಹಳೆಯ ಸ್ಕ್ಯಾನ್ ಆಗಿದ್ದರೆ ಪದ ಹುಡುಕುವ ಸೌಲಭ್ಯ ಕೆಲಸ ಮಾಡುವುದಿಲ್ಲ, ಕಣ್ಣಲ್ಲೇ ಓದಬೇಕು. ಡಾಗ್, ಪೆಟ್, ಆನಿಮಲ್, ಬರ್ಡ್, ರೆಪ್ಟೈಲ್, ನ್ಯೂಸೆನ್ಸ್, ಅನಾಯನ್ಸ್, ರೆಗ್ಯುಲೇಷನ್ಸ್ ಎಂಬ ಪದಗಳ ಮೇಲೆ ಕಣ್ಣಿಡಿ. ಪ್ರಾಣಿಗಳ ಮಾತು ಬರುವುದು ಹೆಚ್ಚಾಗಿ ಹಿಂಭಾಗದ ಷೆಡ್ಯೂಲ್‌ಗಳಲ್ಲಿ. ಕಿಟಕಿಯಿಂದ ಬಟ್ಟೆ ಒಣಹಾಕಬಾರದು, ರಾತ್ರಿ 11ರ ನಂತರ ಪಿಯಾನೊ ಬಾರಿಸಬಾರದು ಎಂಬಂಥ ಸಾಲುಗಳ ನಡುವೆ ಅದು ಕೂತಿರುತ್ತದೆ. ಲೀಸ್‌ಗೆ ಆಮೇಲೆ ತಿದ್ದುಪಡಿ ಆಗಿದ್ದರೆ ಆ ಡೀಡ್ ಆಫ್ ವೇರಿಯೇಷನ್ ಕೂಡ ಬೇಕು. ಲೀಸ್‌ನ ಹೊರಗೆ ಕಟ್ಟಡದ ನಿಯಮಾವಳಿ ಅಂತ ಬೇರೆ ಹಾಳೆ ಇರುವುದುಂಟು. 'ಲ್ಯಾಂಡ್‌ಲಾರ್ಡ್ ಕಾಲಕಾಲಕ್ಕೆ ಮಾಡುವ ನಿಯಮಗಳಿಗೆ ಬದ್ಧ' ಎಂಬ ಸಾಲು ಲೀಸ್‌ನಲ್ಲಿದ್ದರೆ ಆ ಹಾಳೆಗೂ ಬೆಲೆ ಬರುತ್ತದೆ, ಅದನ್ನೂ ಕೇಳಿ ಪಡೆಯಿರಿ.

ಆ ಒಂದು ಸಾಲನ್ನು ಓದುವ ಬಗೆ

ಈ ಸಾಲು ನಾಲ್ಕು ರೀತಿಯಲ್ಲಿ ಇರಬಹುದು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಇರುವುದು ಐದಾರು ಪದಗಳ ವ್ಯತ್ಯಾಸ, ಪರಿಣಾಮ ಮಾತ್ರ ಅಜಗಜಾಂತರ.

'ಫ್ಲ್ಯಾಟ್‌ನಲ್ಲಿ ಯಾವುದೇ ನಾಯಿ, ಬೆಕ್ಕು, ಪಕ್ಷಿ ಅಥವಾ ಇತರ ಪ್ರಾಣಿಯನ್ನು ಇಟ್ಟುಕೊಳ್ಳತಕ್ಕದ್ದಲ್ಲ' ಎಂದಷ್ಟೇ ಹೇಳಿ ಪೂರ್ಣವಿರಾಮ ಹಾಕಿದ್ದರೆ ಅದು ಸಂಪೂರ್ಣ ನಿಷೇಧ. ಇಂಥಲ್ಲಿ ಫ್ರೀಹೋಲ್ಡರ್ ಒಳ್ಳೆಯವರಾಗಿದ್ದು 'ಪರವಾಗಿಲ್ಲ, ತನ್ನಿ' ಎಂದರೂ ನಿಶ್ಚಿಂತರಾಗುವಂತಿಲ್ಲ. ಎಲ್ಲ ಫ್ಲ್ಯಾಟ್‌ಗಳ ಲೀಸ್‌ನಲ್ಲೂ ಒಂದೇ ಷರತ್ತು ಇದ್ದು, ಒಬ್ಬ ಲೀಸ್‌ಹೋಲ್ಡರ್ ಕೇಳಿದರೆ ಇನ್ನೊಬ್ಬರ ಮೇಲೆ ಅದನ್ನು ಜಾರಿ ಮಾಡುತ್ತೇನೆ ಎಂದು ಫ್ರೀಹೋಲ್ಡರ್ ಮಾತು ಕೊಟ್ಟಿರುವುದು ಸಾಮಾನ್ಯ. ಹಾಗಿರುವಾಗ ಒಬ್ಬರಿಗೆ ಮಾತ್ರ ವಿನಾಯಿತಿ ಕೊಟ್ಟರೆ ಉಳಿದವರಿಗೆ ಕೊಟ್ಟ ಮಾತು ಮುರಿದಂತೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ರ್‍ಯಾಂಡಾಲ್ಫ್ ಕ್ರೆಸೆಂಟ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಅದು ಗೋಡೆ ಒಡೆಯುವ ವಿಷಯದ ಮೊಕದ್ದಮೆ. ಆದರೆ ಅದರ ತರ್ಕ ಪ್ರಾಣಿ ನಿಷೇಧಕ್ಕೂ ಹೊಂದುತ್ತದೆ: ಮೇಲ್ಮಹಡಿಯ ಒಬ್ಬರು ತಗಾದೆ ತೆಗೆದರೆ ನಿಮ್ಮ ಅನುಮತಿ ಪತ್ರ ನಿಲ್ಲುವುದು ಕಷ್ಟ. ಈ ಬಗೆಯ ಸಾಲು ಕಂಡರೆ ಬೇರೆ ಫ್ಲ್ಯಾಟ್ ನೋಡುವುದೇ ವಾಸಿ.

ಎರಡನೆಯದು, ಅದೇ ಸಾಲಿಗೆ 'ವಿದೌಟ್ ದಿ ಪ್ರಯರ್ ರಿಟನ್ ಕನ್ಸೆಂಟ್' ಎಂಬ ಬಾಲ ಇರುವುದು, ಅಂದರೆ ಮುಂಚಿತ ಲಿಖಿತ ಅನುಮತಿ ಇಲ್ಲದೆ ಇಡಬಾರದು. ಬಹಳ ಜನ ಎಡವುವುದು ಇಲ್ಲಿ. ಅನುಮತಿಯನ್ನು ಸಕಾರಣವಿಲ್ಲದೆ ನಿರಾಕರಿಸುವಂತಿಲ್ಲ ಎಂದು ಕಾನೂನೇ ಹೇಳುತ್ತದೆ ಎಂದುಕೊಳ್ಳುತ್ತಾರೆ. 1927ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಆಕ್ಟ್‌ನ 19ನೇ ಸೆಕ್ಷನ್ ಅಂಥ ರಕ್ಷಣೆ ಕೊಡುವುದು ಲೀಸ್ ಬೇರೆಯವರಿಗೆ ವರ್ಗಾಯಿಸುವಾಗ, ಮನೆಗೆ ಸುಧಾರಣೆ ಮಾಡಿಸುವಾಗ. ನಾಯಿ ಸಾಕಲು ಅದು ಅನ್ವಯಿಸುವುದಿಲ್ಲ. ಅನುಮತಿ ಕೊಡುವವರು ಮನಸ್ಸಿಗೆ ಬಂದಂತೆ ಆಡುವಂತಿಲ್ಲ, ವಿಷಯವನ್ನು ಪ್ರಾಮಾಣಿಕವಾಗಿ ಪರಿಶೀಲಿಸಬೇಕು ಅನ್ನುವುದು ನಿಜ. ಆದರೆ ಆ ರಕ್ಷಣೆ ತೆಳು.

ಮೂರನೆಯದರಲ್ಲಿ ಇನ್ನೂ ಒಂದು ತುಣುಕು ಸೇರಿರುತ್ತದೆ: 'ಸಚ್ ಕನ್ಸೆಂಟ್ ನಾಟ್ ಟು ಬಿ ಅನ್‌ರೀಸನಬ್ಲಿ ವಿತ್‌ಹೆಲ್ಡ್'. ಸಕಾರಣವಿಲ್ಲದೆ ನಿರಾಕರಿಸುವಂತಿಲ್ಲ. ನಾಯಿ ಇರುವವರು ಹುಡುಕಬೇಕಾದದ್ದು ಈ ತುಣುಕನ್ನು. ಇದಿದ್ದರೆ 'ನಮ್ಮಲ್ಲಿ ಯಾರಿಗೂ ಕೊಡುವುದಿಲ್ಲ' ಎಂಬ ಒಂದೇ ಮಾತಿನ ಉತ್ತರವನ್ನು ಪ್ರಶ್ನಿಸಲು ಗಟ್ಟಿ ನೆಲೆ ಸಿಗುತ್ತದೆ.

ನಾಲ್ಕನೆಯದು ಪ್ರಾಣಿಗಳ ಸುದ್ದಿಯೇ ಇಲ್ಲದ ಲೀಸ್. ಆಗ ಅನುಮತಿ ಬೇಕಿಲ್ಲ. ಆದರೂ ನೆರೆಯವರಿಗೆ ಕಿರಿಕಿರಿ ಕೊಡಬಾರದೆಂಬ ನ್ಯೂಸೆನ್ಸ್ ಷರತ್ತು ಬಹುತೇಕ ಎಲ್ಲ ಲೀಸ್‌ಗಳಲ್ಲೂ ಇರುತ್ತದೆ. ಬೊಗಳುವ ನಾಯಿ ಅದರ ಕೈಗೆ ಸಿಕ್ಕಿಬೀಳುತ್ತದೆ.

ಇನ್ನು 'ಇತರ ಪ್ರಾಣಿ' ಎಂದರೆ ಯಾವುದು? ಅಕ್ಷರಶಃ ಓದಿದರೆ ಮೊಲ, ಹ್ಯಾಮ್‌ಸ್ಟರ್, ಗಾಜಿನ ತೊಟ್ಟಿಯ ಮೀನು ಎಲ್ಲವೂ ಬಂದವು. ಮೀನಿನ ಬಗ್ಗೆ ಯಾರೂ ದೂರು ಕೊಡುವುದಿಲ್ಲ ಎಂದು ನಗಬಹುದು, ಆದರೆ ನಾಯಿಗೆ ಅರ್ಜಿ ಹಾಕುವಾಗ ಮೊಲವನ್ನೂ ಒಂದೇ ಪತ್ರದಲ್ಲಿ ಸೇರಿಸಿಬಿಡುವುದು ಸುಲಭ.

ಅನುಮತಿ ಕೊಡಬೇಕಾದವರು ಯಾರು

ಲೀಸ್‌ನಲ್ಲಿ 'ಲ್ಯಾಂಡ್‌ಲಾರ್ಡ್' ಎಂದಿದ್ದರೆ ಫ್ರೀಹೋಲ್ಡರ್, 'ಕಂಪನಿ' ಎಂದಿದ್ದರೆ ಆ ಕಟ್ಟಡದ ಮ್ಯಾನೇಜ್‌ಮೆಂಟ್ ಕಂಪನಿ. ಅವರ ಪರವಾಗಿ ಕಟ್ಟಡ ನೋಡಿಕೊಳ್ಳುವ ಮ್ಯಾನೇಜಿಂಗ್ ಏಜೆಂಟ್ ಕಚೇರಿಯ ಯಾರೋ ಕಳಿಸಿದ 'ನೋ ಪ್ರಾಬ್ಲಂ' ಇಮೇಲ್ ಸಾಕೇ ಎಂಬುದು ಅವರಿಗೆ ಆ ಅಧಿಕಾರ ಇದೆಯೇ ಎಂಬುದರ ಮೇಲೆ ನಿಂತಿದೆ. ಪತ್ರದಲ್ಲೇ 'ಇಂಥವರ ಪರವಾಗಿ' ಎಂದು ಬರೆಸಿಕೊಳ್ಳಿ. ಫ್ರೀಹೋಲ್ಡರ್‌ಗೂ ನಿಮಗೂ ನಡುವೆ ಹೆಡ್‌ಲೀಸ್ (ಫ್ರೀಹೋಲ್ಡರ್‌ನಿಂದ ಮಧ್ಯದವರೊಬ್ಬರು ಪಡೆದ ಮೇಲಿನ ಲೀಸ್) ಇದ್ದರೆ ಅದರಲ್ಲೂ ಇಂಥದೇ ಷರತ್ತು ಇದೆಯೇ ನೋಡಬೇಕು, ಇದ್ದರೆ ಎರಡು ಅನುಮತಿ ಬೇಕಾಗುತ್ತದೆ.

ಕಟ್ಟಡದ ನಿರ್ವಹಣೆಯ ಹಕ್ಕು ಪಡೆದು ನಿವಾಸಿಗಳೇ ಸೇರಿ ರೈಟ್ ಟು ಮ್ಯಾನೇಜ್ ಕಂಪನಿ ನಡೆಸುತ್ತಿದ್ದರೆ ಅನುಮತಿ ಕೊಡುವ ಕೆಲಸ ಆ ಕಂಪನಿಯದು. ಆದರೆ 2002ರ ಕಾಮನ್‌ಹೋಲ್ಡ್ ಅಂಡ್ ಲೀಸ್‌ಹೋಲ್ಡ್ ರಿಫಾರ್ಮ್ ಆಕ್ಟ್‌ನ 98ನೇ ಸೆಕ್ಷನ್ ಪ್ರಕಾರ ಅದು ಮೊದಲು ಲ್ಯಾಂಡ್‌ಲಾರ್ಡ್‌ಗೆ ನೋಟಿಸ್ ಕೊಡಬೇಕು. ರಚನೆಯ ಬದಲಾವಣೆ, ಒಳಬಾಡಿಗೆಯಂಥ ವಿಷಯಗಳಿಗೆ 30 ದಿನ, ಪ್ರಾಣಿ ಸಾಕುವಂಥ ಉಳಿದ ವಿಷಯಗಳಿಗೆ 14 ದಿನ. ಲ್ಯಾಂಡ್‌ಲಾರ್ಡ್ ಆಕ್ಷೇಪಿಸಿದರೆ ವಿಷಯ ಟ್ರಿಬ್ಯುನಲ್‌ಗೆ ಹೋಗಬೇಕಾಗುತ್ತದೆ. ನಿಮ್ಮ ವೇಳಾಪಟ್ಟಿಯಲ್ಲಿ ಕನಿಷ್ಠ ಆ ಎರಡು ವಾರಗಳನ್ನು ಸೇರಿಸಿಕೊಳ್ಳಿ.

ಫ್ಲ್ಯಾಟ್‌ನವರೇ ಸೇರಿ ಫ್ರೀಹೋಲ್ಡ್ ಹೊಂದಿರುವ 'ಷೇರ್ ಆಫ್ ಫ್ರೀಹೋಲ್ಡ್' ಫ್ಲ್ಯಾಟ್ ಆದರೂ ಲೀಸ್ ಇದ್ದೇ ಇರುತ್ತದೆ, ಷರತ್ತೂ ಇರುತ್ತದೆ. ಅಲ್ಲಿ ಅನುಮತಿ ಕೊಡುವವರು ನಿಮ್ಮ ಮುಂದಿನ ನೆರೆಯವರೇ. ಅರ್ಜಿಗೆ ಮೊದಲು ಒಮ್ಮೆ ಹೋಗಿ ಮಾತಾಡಿಸಿ ಬಂದರೆ ಅರ್ಧ ಕೆಲಸ ಆದಂತೆ.

ಅರ್ಜಿ ಹಾಕುವುದು

ಸಾಲಿಸಿಟರನ್ನು ಗೊತ್ತುಮಾಡಿದ ದಿನವೇ ಇಮೇಲ್‌ನಲ್ಲಿ ಬರೆಯಿರಿ: ನನ್ನ ಬಳಿ ಇಂಥ ಪ್ರಾಣಿ ಇದೆ, ಅದಿಲ್ಲದೆ ಈ ಫ್ಲ್ಯಾಟ್ ನನಗೆ ಬೇಡ, ಲಿಖಿತ ಅನುಮತಿ ಸಿಗುವವರೆಗೆ ಎಕ್ಸ್‌ಚೇಂಜ್ ಮಾಡಬೇಡಿ. ಹೇಳದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು? ಪ್ರಾಣಿ ಷರತ್ತು ಅವರ ವರದಿಯ ಹದಿನೆಂಟನೇ ಪುಟದಲ್ಲಿ ಒಂದು ಸಾಲಾಗಿ ಬಂದು ಹೋಗುತ್ತದೆ, ಅಷ್ಟೆ.

ಲೀಸ್‌ನ ಮಾಹಿತಿ ಕೊಡಲು ಮಾರುವವರು ತುಂಬುವ ಟಿಎ7 ಫಾರಂ ಮತ್ತು ಕಟ್ಟಡದ ನಿರ್ವಹಣೆಯ ಮಾಹಿತಿ ಕೊಡಲು ಮ್ಯಾನೇಜಿಂಗ್ ಏಜೆಂಟ್ ತುಂಬುವ ಎಲ್‌ಪಿಇ1 ಫಾರಂ ಎರಡನ್ನೂ ನೋಡಲು ಕೇಳಿ. ಇವೆರಡರ ಸಿದ್ಧ ಪ್ರಶ್ನೆಗಳಲ್ಲಿ ನಿಮ್ಮ ನಾಯಿಗೆ ಉತ್ತರ ಸಿಗುತ್ತದೆಂದು ನಂಬಿ ಕೂರದೆ, ಹೆಚ್ಚುವರಿ ಪ್ರಶ್ನೆಯಾಗಿ ಮೂರನ್ನು ಹಾಕಿಸಿ: ಕಟ್ಟಡದಲ್ಲಿ ಪ್ರಾಣಿಗಳ ಬಗ್ಗೆ ಲಿಖಿತ ನೀತಿ ಇದೆಯೇ? ಅರ್ಜಿಯ ಶುಲ್ಕ ಎಷ್ಟು, ಎಷ್ಟು ದಿನ ಹಿಡಿಯುತ್ತದೆ? ಪ್ರಾಣಿಗಳ ಬಗ್ಗೆ ಈಗ ಯಾವುದಾದರೂ ವ್ಯಾಜ್ಯ ನಡೆಯುತ್ತಿದೆಯೇ?

'ನೀವಿನ್ನೂ ಲೀಸ್‌ಹೋಲ್ಡರ್ ಅಲ್ಲ, ಕೊಂಡ ಮೇಲೆ ಕೇಳಿ' ಎಂಬ ಉತ್ತರ ಬಹಳ ಸಲ ಬರುತ್ತದೆ. ಆಗ ಅರ್ಜಿಯನ್ನು ಮಾರುವವರ ಸಾಲಿಸಿಟರ್ ಮೂಲಕ ಕಳಿಸಿ, 'ಇಂಥವರು ಕೊಂಡರೆ ಇಂಥ ಪ್ರಾಣಿಗೆ, ಕಂಪ್ಲೀಷನ್ (ಮನೆ ಕೈಗೆ ಬರುವ) ದಿನದಿಂದ ಅನುಮತಿ ಇದೆ' ಎಂಬ ಪತ್ರ ಕೇಳಿ. ಮಾರುವವರಿಗೂ ಮಾರಾಟ ಮುಗಿಯಬೇಕಿರುತ್ತದೆ, ಆದ್ದರಿಂದ ಅವರೇ ಬೆನ್ನುಹತ್ತುತ್ತಾರೆ. 'ತಾತ್ವಿಕ ಒಪ್ಪಿಗೆ' ಅನ್ನುವ ಪತ್ರ ಬಂದರೆ ಯಾವ ಯಾವ ಷರತ್ತು ಪೂರೈಸಿದರೆ ಅದು ನಿಜವಾದ ಒಪ್ಪಿಗೆ ಆಗುತ್ತದೆ ಎಂದು ಬರೆಸಿಕೊಳ್ಳದೆ ಬಿಡಬೇಡಿ. ಮಾರುವವರ ಬೆಕ್ಕಿಗೆ ಇದ್ದ ಅನುಮತಿ ಸಾಮಾನ್ಯವಾಗಿ ಅವರಿಗೂ ಆ ಬೆಕ್ಕಿಗೂ ಮಾತ್ರ.

ಅರ್ಜಿಯ ಜೊತೆ ಒಂದು ಪುಟದ ಪರಿಚಯ ಇಡಿ. ಓದುವವರಿಗೆ ನಾಯಿ ಎಷ್ಟು ಮುದ್ದು ಎಂಬುದು ಬೇಕಿಲ್ಲ, ಗಲಾಟೆ, ಗಲೀಜು, ಹಾನಿ ಆಗುತ್ತದೆಯೇ ಎಂಬುದು ಬೇಕು. ತಳಿ, ವಯಸ್ಸು, ತೂಕ, ಸಂತಾನಹರಣ ಚಿಕಿತ್ಸೆ ಆಗಿದೆಯೇ, ಲಸಿಕೆ, ಚಿಗಟ ಮತ್ತು ಜಂತಿನ ಔಷಧಿಯ ದಾಖಲೆ, ಮೈಕ್ರೋಚಿಪ್ ಸಂಖ್ಯೆ. ನಾಯಿಗೆ ಮೈಕ್ರೋಚಿಪ್ 2016ರ ಏಪ್ರಿಲ್‌ನಿಂದ ಕಡ್ಡಾಯ. ಇಂಗ್ಲೆಂಡ್‌ನಲ್ಲಿ ಬೆಕ್ಕಿಗೂ 2024ರ ಜೂನ್ 10ರಿಂದ, 20 ವಾರ ತುಂಬುವುದರೊಳಗೆ ಕಡ್ಡಾಯ. ನಿಷೇಧಿತ ತಳಿಯಾದ ಎಕ್ಸ್‌ಎಲ್ ಬುಲ್ಲಿ ನಾಯಿ ಆದರೆ ವಿನಾಯಿತಿ ಪ್ರಮಾಣಪತ್ರ ಇಲ್ಲದೆ ಇಟ್ಟುಕೊಳ್ಳುವುದೇ ಅಪರಾಧ, ಪತ್ರ ಇದ್ದರೂ ಫ್ಲ್ಯಾಟ್‌ನವರು ಒಪ್ಪುವ ಸಂಭವ ಕಡಿಮೆ. ಇದರ ಮೇಲೆ, ದಿನಕ್ಕೆ ಎಷ್ಟು ಗಂಟೆ ಒಂಟಿಯಾಗಿರುತ್ತದೆ, ನೀವು ಊರಲ್ಲಿಲ್ಲದಾಗ ಯಾರು ನೋಡಿಕೊಳ್ಳುತ್ತಾರೆ, ಲಿಫ್ಟ್‌ನಲ್ಲೂ ಕಾರಿಡಾರ್‌ನಲ್ಲೂ ಬೆಲ್ಟ್ ಹಾಕಿಯೇ ಕರೆದೊಯ್ಯುತ್ತೀರಿ ಎಂಬುದು, ಮೂರನೆಯವರಿಗೆ ಆಗುವ ಹಾನಿಗೆ ವಿಮೆ ಇದ್ದರೆ ಅದರ ಪ್ರತಿ. ಈಗಿನ ಮನೆಯ ನೆರೆಯವರಿಂದ ಎರಡು ಸಾಲಿನ ಪತ್ರ ತರಲು ಸಾಧ್ಯವಾದರೆ ಅದರಷ್ಟು ಕೆಲಸ ಮಾಡುವ ಕಾಗದ ಇನ್ನೊಂದಿಲ್ಲ.

ಅನುಮತಿ ಪತ್ರ ಬಂದಾಗ ಖುಷಿಯಲ್ಲಿ ಫೈಲಿಗೆ ಸೇರಿಸುವ ಮುಂಚೆ ಓದಿ. ಕೊಟ್ಟವರು ಲೀಸ್ ಹೇಳಿದವರೇ? ನಿಮ್ಮ ಹೆಸರು, ಫ್ಲ್ಯಾಟ್ ಸಂಖ್ಯೆ ಸರಿ ಇದೆಯೇ? 'ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದು' ಎಂದು ಬರೆದಿದ್ದರೆ ಅದನ್ನು 'ಸಾಬೀತಾದ ತೊಂದರೆ ಆದಲ್ಲಿ, ಲಿಖಿತ ಎಚ್ಚರಿಕೆ ಕೊಟ್ಟು, ಸರಿಪಡಿಸಲು ಕಾಲಾವಕಾಶ ನೀಡಿದ ನಂತರ' ಎಂದು ಬದಲಾಯಿಸಲು ಕೇಳಿ. ಎಲ್ಲರೂ ಒಪ್ಪುವುದಿಲ್ಲ, ಕೇಳುವುದರಲ್ಲಿ ನಷ್ಟವಿಲ್ಲ.

'ಎಕ್ಸ್‌ಚೇಂಜ್ ಮಾಡಿಬಿಡೋಣ, ಕಂಪ್ಲೀಷನ್‌ಗೆ ಮುಂಚೆ ಅನುಮತಿ ಬರುತ್ತದೆ' ಎಂಬ ಸಲಹೆಗೆ ತಲೆಯಾಡಿಸಬೇಡಿ. 3,00,000 ಪೌಂಡ್‌ನ ಫ್ಲ್ಯಾಟ್‌ಗೆ ಎಕ್ಸ್‌ಚೇಂಜ್ ದಿನ ಕಟ್ಟುವ ಶೇ 10ರ ಠೇವಣಿ 30,000 ಪೌಂಡ್. ಅನುಮತಿ ಬಾರದೆ ನೀವು ಹಿಂದೆ ಸರಿದರೆ ಹೋಗುವುದು ಆ ದುಡ್ಡು. ಅನುಮತಿ ಸಿಕ್ಕರೆ ಮಾತ್ರ ಎಂಬ ಷರತ್ತಿನ ಕಾಂಟ್ರ್ಯಾಕ್ಟ್ ಮಾಡಬಹುದು, ಆದರೆ ಮಾರುವವರು ಅದಕ್ಕೆ ಸುಲಭಕ್ಕೆ ಒಪ್ಪುವುದಿಲ್ಲ. ಕಾಯುವುದೇ ಸರಳ ದಾರಿ.

ಮೊದಲು ನುಗ್ಗಿ ಆಮೇಲೆ ಕೇಳಿದರೆ

ಪೂರ್ವ ಲಂಡನ್‌ನ ಲೈಮ್‌ಹೌಸ್‌ನಲ್ಲಿ ದಂಪತಿ ಒಂದು ಫ್ಲ್ಯಾಟ್ ಕೊಂಡು ತಮ್ಮ ಪುಟ್ಟ ಟೆರಿಯರ್ ನಾಯಿಯ ಜೊತೆ ವಾಸಕ್ಕೆ ಬಂದರು. ಲೀಸ್‌ನಲ್ಲಿದ್ದದ್ದು ಮೇಲೆ ಹೇಳಿದ ಎರಡನೇ ಬಗೆಯ ಸಾಲು, ಅನುಮತಿ ಸಿಕ್ಕಿರಲಿಲ್ಲ. ವಿಶೇಷ ಕಾರಣ ಇಲ್ಲದೆ ನಾಯಿಗೆ ಅನುಮತಿ ಇಲ್ಲ ಎಂಬುದು ಆ ಕಟ್ಟಡದ ವಿಕ್ಟರಿ ಪ್ಲೇಸ್ ಮ್ಯಾನೇಜ್‌ಮೆಂಟ್ ಕಂಪನಿಯ ನೀತಿ. ವಿಷಯ ಕೋರ್ಟಿಗೆ ಹೋಗಿ, ನಾಯಿಯನ್ನು ಅಲ್ಲಿ ಇಟ್ಟುಕೊಳ್ಳಬಾರದು ಎಂದು ಆದೇಶವಾಯಿತು. 2018ರಲ್ಲಿ ಹೈಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ನಾಯಿ ಚಿಕ್ಕದು ಎಂಬುದು ಅವರ ನೆರವಿಗೆ ಬರಲಿಲ್ಲ.

'ವರ್ಷಗಟ್ಟಲೆ ಗೊತ್ತಿದ್ದೂ ಗ್ರೌಂಡ್ ರೆಂಟ್ (ನೆಲಬಾಡಿಗೆ) ತೆಗೆದುಕೊಂಡಿದ್ದಾರಲ್ಲ' ಎಂಬ ವಾದವೂ ಇಲ್ಲಿ ದೂರ ಹೋಗುವುದಿಲ್ಲ. ಪ್ರಾಣಿ ಇಟ್ಟುಕೊಳ್ಳುವುದು ಒಮ್ಮೆ ಆಗಿ ಮುಗಿಯುವ ತಪ್ಪಲ್ಲ, ದಿನದಿನವೂ ಮುಂದುವರಿಯುವ ಉಲ್ಲಂಘನೆ. ನಿನ್ನೆಯದನ್ನು ಬಿಟ್ಟುಕೊಟ್ಟರೂ ಇವತ್ತಿನದು ಹೊಸದು.

ಹಾಗೆಂದು ಒಂದು ನಾಯಿಗಾಗಿ ನಾಳೆಯೇ ಫ್ಲ್ಯಾಟ್ ಕಿತ್ತುಕೊಳ್ಳಲು ಬರುವುದಿಲ್ಲ. ಲೀಸ್ ರದ್ದತಿಯ ಮೊದಲ ಹೆಜ್ಜೆ 1925ರ ಲಾ ಆಫ್ ಪ್ರಾಪರ್ಟಿ ಆಕ್ಟ್‌ನ 146ನೇ ಸೆಕ್ಷನ್‌ನ ನೋಟಿಸ್. ಮೇಲೆ ಹೇಳಿದ 2002ರ ಕಾಯ್ದೆಯ 168ನೇ ಸೆಕ್ಷನ್ ಪ್ರಕಾರ, ಆ ನೋಟಿಸ್‌ಗೆ ಮುಂಚೆ ಉಲ್ಲಂಘನೆ ಆಗಿದೆ ಎಂದು ಟ್ರಿಬ್ಯುನಲ್ ಅಥವಾ ಕೋರ್ಟ್ ತೀರ್ಮಾನಿಸಿರಬೇಕು, ಇಲ್ಲವೇ ನೀವೇ ಒಪ್ಪಿಕೊಂಡಿರಬೇಕು. ಕೊನೆಯ ಮೂರು ಪದ ಗಮನಿಸಿ. ಮ್ಯಾನೇಜಿಂಗ್ ಏಜೆಂಟ್‌ರಿಂದ ದೂರಿನ ಇಮೇಲ್ ಬಂದಾಗ 'ಹೌದು, ಇದೆ, ಕ್ಷಮಿಸಿ' ಎಂದು ಬರೆಯುವ ಮೊದಲು ಸಾಲಿಸಿಟರಿಗೆ ತೋರಿಸಿ. ಲೀಸ್‌ಹೋಲ್ಡರ್‌ಗಳಿಗೆ ಲೀಸ್ (ಲೀಸ್‌ಹೋಲ್ಡ್ ಅಡ್ವೈಸರಿ ಸರ್ವಿಸ್) ಎನ್ನುವ ಸಂಸ್ಥೆಯ ಉಚಿತ ಸಲಹೆಯೂ ಸಿಗುತ್ತದೆ.

ಅನುಮತಿಗೆ ಕೇಳುವ ಶುಲ್ಕ ಅತಿಯೆನಿಸಿದರೆ, ಫ್ಲ್ಯಾಟ್ ನಿಮ್ಮದಾದ ಮೇಲೆ ಅದೇ 2002ರ ಕಾಯ್ದೆಯ 11ನೇ ಷೆಡ್ಯೂಲ್‌ನಡಿ ಪ್ರಶ್ನಿಸಬಹುದು. ಇಂಗ್ಲೆಂಡ್‌ನಲ್ಲಿ ಫಸ್ಟ್-ಟಿಯರ್ ಟ್ರಿಬ್ಯುನಲ್, ವೇಲ್ಸ್‌ನಲ್ಲಿ ಲೀಸ್‌ಹೋಲ್ಡ್ ವ್ಯಾಲ್ಯುಯೇಷನ್ ಟ್ರಿಬ್ಯುನಲ್. ಲೀಸ್‌ಗಳನ್ನೇ ಬದಲಿಸುವ ದಾರಿಯೂ ಒಂದಿದೆ. 1987ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಆಕ್ಟ್‌ನ 37ನೇ ಸೆಕ್ಷನ್‌ನಡಿ ಒಂಬತ್ತು ಅಥವಾ ಹೆಚ್ಚು ಲೀಸ್‌ಗಳಿದ್ದರೆ ಶೇ 75 ಮಂದಿ ಒಪ್ಪಿ, ವಿರೋಧ ಶೇ 10 ಮೀರದಿದ್ದರೆ ಟ್ರಿಬ್ಯುನಲ್‌ಗೆ ಹೋಗಬಹುದು. ನಿಮ್ಮ ನಾಯಿಯ ಆಯಸ್ಸಿನೊಳಗೆ ಅದು ಮುಗಿದರೆ ಪುಣ್ಯ.

ಸಹಾಯಕ ನಾಯಿ

ಗೈಡ್ ಡಾಗ್‌ನಂಥ ಸಹಾಯಕ ನಾಯಿಯ ವಿಷಯ ಬೇರೆ. 2010ರ ಈಕ್ವಾಲಿಟಿ ಆಕ್ಟ್ ಪ್ರಕಾರ ಅಂಗವೈಕಲ್ಯ ಇರುವವರಿಗಾಗಿ ಲ್ಯಾಂಡ್‌ಲಾರ್ಡ್ ತನ್ನ ನೀತಿ, ನಿಯಮಗಳಲ್ಲಿ ಸಮಂಜಸ ಹೊಂದಾಣಿಕೆ ಮಾಡಬೇಕು. ಆಗಲೂ ಮೌನವಾಗಿ ಕರೆತರುವುದಲ್ಲ, ವೈದ್ಯರ ಪತ್ರ ಮತ್ತು ತರಬೇತಿಯ ದಾಖಲೆ ಇಟ್ಟು ಬರಹದಲ್ಲಿ ಕೇಳುವುದು. 'ಇಮೋಷನಲ್ ಸಪೋರ್ಟ್' ಎಂಬ ಆನ್‌ಲೈನ್ ಪ್ರಮಾಣಪತ್ರಕ್ಕೆ ಇಲ್ಲಿ ಆ ಸ್ಥಾನವಿಲ್ಲ.

ಅನುಮತಿ ಸಿಕ್ಕ ಮೇಲೂ ಜನ ಕೆಡಿಸಿಕೊಳ್ಳುವ ಕಡೆ

ಬೆಕ್ಕಿನ ಬಾಗಿಲು. ಅಂದರೆ ಮುಂಬಾಗಿಲಲ್ಲಿ ತೂತು ಕೊರೆದು ಕೂರಿಸುವ ಕ್ಯಾಟ್ ಫ್ಲ್ಯಾಪ್. ಸಾಮಾನ್ಯ ಕಾರಿಡಾರ್‌ಗೆ ತೆರೆಯುವ ಫ್ಲ್ಯಾಟ್ ಬಾಗಿಲು ಸಾಮಾನ್ಯವಾಗಿ ಎಫ್‌ಡಿ30, ಬೆಂಕಿಯನ್ನು 30 ನಿಮಿಷ ತಡೆಯಬೇಕಾದ್ದು. ಅಂಚಿನಲ್ಲಿ ಹೊಗೆ ತಡೆಯುವ ಪಟ್ಟಿ, ಮೇಲೆ ತಾನಾಗಿ ಮುಚ್ಚಿಸುವ ಕ್ಲೋಸರ್. ಅದರಲ್ಲಿ ಪ್ಲಾಸ್ಟಿಕ್ ಕದದ ತೂತು ಮಾಡಿದರೆ ಹೊಗೆ ಇಡೀ ಕಟ್ಟಡದ ತಪ್ಪಿಸಿಕೊಳ್ಳುವ ದಾರಿಗೆ ನುಗ್ಗುತ್ತದೆ. ಬಾಗಿಲು ನಿಮ್ಮದಾಗಿರದೆ ಫ್ರೀಹೋಲ್ಡರ್‌ದೇ ಆಗಿರಬಹುದು. 2023ರ ಜನವರಿ 23ರಿಂದ ಇಂಗ್ಲೆಂಡ್‌ನಲ್ಲಿ 11 ಮೀಟರ್‌ಗಿಂತ ಎತ್ತರದ ಕಟ್ಟಡಗಳಲ್ಲಿ ಫ್ಲ್ಯಾಟ್‌ಗಳ ಮುಂಬಾಗಿಲನ್ನು ವರ್ಷಕ್ಕೊಮ್ಮೆ ತಪಾಸಣೆ ಮಾಡಲು ಪ್ರಯತ್ನಿಸಲೇಬೇಕು. ಅಂದಮೇಲೆ ತೂತು ಕಣ್ಣಿಗೆ ಬೀಳದೆ ಇರದು, ಹೊಸ ಬಾಗಿಲಿನ ಬಿಲ್ಲೂ ನಿಮಗೇ. ಬೆಕ್ಕಿಗೆ ಒಳಗೇ ವ್ಯವಸ್ಥೆ ಮಾಡಿ.

ನೆಲ. ಹಲವು ಲೀಸ್‌ಗಳು ಅಡುಗೆಮನೆ, ಬಚ್ಚಲು ಬಿಟ್ಟು ಉಳಿದ ಕಡೆ ಕಾರ್ಪೆಟ್ ಇರಲೇಬೇಕು ಎನ್ನುತ್ತವೆ. ನಾಯಿಯ ಕೂದಲು ಅಂಟುತ್ತದೆಂದು ಕಾರ್ಪೆಟ್ ಕಿತ್ತು ಲ್ಯಾಮಿನೇಟ್ ಹಾಕಿಸಿದರೆ, ಬೆಳಗಿನ ಜಾವ ಉಗುರಿನ ಟಕಟಕ ಕೆಳಮನೆಯವರ ತಲೆಯ ಮೇಲೆ. ನಾಯಿಗೆ ಅನುಮತಿ ಇದ್ದರೂ ನೆಲಕ್ಕೆ ಇಲ್ಲ, ದೂರಿಗೆ ಎರಡು ಕಾರಣ ಕೊಟ್ಟಂತಾಯಿತು. ಬಾಲ್ಕನಿಗೆ ಬೆಕ್ಕಿನ ಬಲೆ ಕಟ್ಟಲು ಗೋಡೆಗೆ ಮೊಳೆ ಹೊಡೆಯುವುದೂ ಹೊರಗೋಡೆಯ ಬದಲಾವಣೆ, ಬೇರೆ ಅನುಮತಿ ಬೇಕು. ಮೀನಿನ ತೊಟ್ಟಿ ಇಡುವವರು ತೂಕ ಲೆಕ್ಕ ಹಾಕಿ: 200 ಲೀಟರ್ ನೀರೇ 200 ಕಿಲೊ, ಗಾಜು, ಕಲ್ಲು, ಸ್ಟ್ಯಾಂಡ್ ಸೇರಿದರೆ ಇನ್ನೂ ಹೆಚ್ಚು.

ಬೊಗಳುವಿಕೆಯ ಬಗ್ಗೆ ಮೊದಲ ವಾರದಲ್ಲೇ ಎಚ್ಚರ ಬೇಕು, ಹೊಸ ಜಾಗದಲ್ಲಿ ಒಂಟಿಯಾದ ನಾಯಿ ಅರಚುವುದು ಆಗಲೇ. ಹಳೆಯ ಫೋನ್ ಒಂದರಲ್ಲಿ ಧ್ವನಿ ದಾಖಲಿಸಲು ಬಿಟ್ಟು ಅರ್ಧ ಗಂಟೆ ಹೊರಗೆ ಹೋಗಿ ಬನ್ನಿ. ನೆರೆಯವರು ಹೇಳುವ ಮೊದಲೇ ನಿಮಗೆ ಗೊತ್ತಿರುತ್ತದೆ.

ಹಳೆಯ ನಾಯಿ ಸತ್ತು ಹೊಸದು ತರುವಾಗ ಮತ್ತೆ ಅರ್ಜಿ ಹಾಕಿ, ಪತ್ರದಲ್ಲಿ 'ಈ ಪ್ರಾಣಿಗೆ ಮಾತ್ರ' ಎಂದಿರುವುದು ಸಾಮಾನ್ಯ. ಫ್ಲ್ಯಾಟನ್ನು ಬಾಡಿಗೆಗೆ ಕೊಡುವುದಾದರೆ ಇನ್ನೊಂದು ಲೆಕ್ಕ. ಇಂಗ್ಲೆಂಡ್‌ನ 2025ರ ರೆಂಟರ್ಸ್ ರೈಟ್ಸ್ ಆಕ್ಟ್ ಪ್ರಾಣಿ ಸಾಕಲು ಕೇಳುವ ಹಕ್ಕನ್ನು ಕೊಟ್ಟಿರುವುದು ಬಾಡಿಗೆದಾರರಿಗೆ, ಲೀಸ್‌ಹೋಲ್ಡರ್ ಆದ ನಿಮಗಲ್ಲ. ಬಾಡಿಗೆದಾರರು ಬರಹದಲ್ಲಿ ಕೇಳಿದರೆ 28 ದಿನದೊಳಗೆ ಉತ್ತರಿಸಬೇಕು. ನಿಮ್ಮ ಲೀಸ್‌ಗೆ ಫ್ರೀಹೋಲ್ಡರ್ ಅನುಮತಿ ಬೇಕಿದ್ದರೆ ಆ ಅವಧಿಯಲ್ಲೇ ಅವರನ್ನು ಕೇಳಬೇಕು, ಅವರು ಕೊಡದಿದ್ದರೆ ನೀವು ಬೇಡವೆನ್ನಲು ಅದು ಸಕಾರಣ.